ಖಾಲಿ ಕ್ಯಾನಿನ ಹಕ್ಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜೌಗು ಬಯಲಿನ ಗೇಟಿನಲ್ಲಿ ನಿಂತ ಹೆಂಗಸು ನನ್ನ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿದ್ದಾರೆ. ನೀರಿನ ಬಾಟಲಿ, ಛತ್ರಿ, ಬಿಸ್ಕತ್ತಿನ ಪೊಟ್ಟಣ ಒಂದೊಂದನ್ನೇ ಹೊರಗೆಳೆದು ಗೇಟಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ಬಿಸ್ಕತ್ತನ್ನು ಮೂಸಿ ನೋಡುತ್ತಾರೆ. ಕೊನೆಗೆ ಮೊಬೈಲು ಸಿಕ್ಕಾಗ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಇದರಲ್ಲಿ ಹಕ್ಕಿ ಕೂಗು ತುಂಬಿಸಿಕೊಂಡು ಬಂದಿದ್ದೀರಾ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

"ಎಲ್ಲರೂ ಇಲ್ಲ ಅಂತಾನೇ ಅನ್ನೋದು," ಎಂದು ಅದನ್ನು ಕಾವಲು ಕೋಣೆಯ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಾರೆ.

ರೆಕಾರ್ಡ್ ಮಾಡಿದ ಕೂಗನ್ನು ಮೊಬೈಲಿನಲ್ಲಿ ಹಾಕಿ, ಹಕ್ಕಿಯನ್ನು ಹತ್ತಿರ ಕರೆಸಿಕೊಂಡು ಫೋಟೊ ಹೊಡೆಯುವವರು ಇದ್ದಾರಂತೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ. ನನ್ನ ತಪಾಸಣೆ ಮುಗಿದ ಮೇಲೆ ಆಕೆ ಉದ್ದ ಹಿಡಿಯ ಕುಡುಗೋಲನ್ನು ಹೆಗಲಿಗೇರಿಸಿ ಹಲಗೆ ದಾರಿಯ ಮೇಲೆ ಮುಂದೆ ಮುಂದೆ ನಡೆಯುತ್ತಾರೆ. ಕೈಯಲ್ಲೊಂದು ಕೋಲು. ಪ್ರತಿ ಹಲಗೆಯನ್ನೂ ಕೋಲಿನಿಂದ ಕುಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಾರೆ. ನೆನ್ನೆ ತಾನೇ ನಡೆದ ಹಲಗೆಯಲ್ಲವೇ ಎಂದು ಕೇಳಿದರೆ, ನೆನ್ನೆ ಇದ್ದ ಹಾಗೆ ಇವತ್ತೂ ಇರುತ್ತೇನೆ ಅಂತ ಹಲಗೆ ಮಾತು ಕೊಟ್ಟಿದೆಯೇ ಎಂದು ನನ್ನನ್ನೇ ಕೇಳುತ್ತಾರೆ. ಸೊಂಟದಲ್ಲಿ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಕ್ಯಾನೊಂದು ತೂಗಾಡುತ್ತಿದೆ. ಅಡುಗೆ ಎಣ್ಣೆ ಬರುತ್ತದಲ್ಲ, ಅಂಥದ್ದು. ಖಾಲಿ ಕ್ಯಾನು. ಅದಕ್ಕೆ ಮುಚ್ಚಳವೂ ಇಲ್ಲ.

ಪತ್ರಿಕೆಗೆ ಬರೆಯುವವನು ನಾನು, ಅನುಮಾನ ಪಡುವುದು ನನ್ನ ಕಸುಬು. ಅವರ ಕುಡಿಯುವ ನೀರು ಬೇರೆ ಬಾಟಲಿಯಲ್ಲಿ ಇರುವಾಗ ಈ ಖಾಲಿ ಕ್ಯಾನು ಯಾಕೆ ಎಂದು ಅಲ್ಲೇ ತಲೆಯೊಳಗೆ ಹುಳ ಹೊಕ್ಕಿತು.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದೇ ಒಂದು ಚಾಡಿಯ ಬೆನ್ನು ಹತ್ತಿ. ಹಕ್ಕಿ ನೋಡುವವರ ಗುಂಪಿನವನೇ ಎಂದು ಹೇಳಿಕೊಂಡ ಒಬ್ಬರು ಫೋನ್ ಮಾಡಿದ್ದರು. ಜೌಗಿನಲ್ಲಿ ಒಂದು ಅಪರೂಪದ ಹಕ್ಕಿ ಇದೆ ಎಂದು ಊರೆಲ್ಲ ಕುಣಿಯುತ್ತಿದೆ, ಅದನ್ನು ಕಂಡವರು ಯಾರೂ ಇಲ್ಲ, ಕೇಳಿದವರೇ ಎಲ್ಲ, ಆ ಕೂಗು ಹಕ್ಕಿಯದಲ್ಲ, ಹುಲ್ಲು ಕೊಯ್ಯುವ ಹೆಂಗಸಿನದು ಎಂದು ಹೇಳಿ ಇಟ್ಟುಬಿಟ್ಟರು. ಹೆಸರು ಹೇಳದವರ ಮಾತು ನಂಬಬಾರದು. ಆದರೆ ನಂಬದೆ ಸುಮ್ಮನಿರುವುದೂ ನನ್ನ ಕೈಲಾಗುವುದಿಲ್ಲ.

ಈ ಹೆಂಗಸನ್ನು ಗುಂಪಿನವರು ಕರೆಯುವುದು 'ಅನುಮಾನದಕ್ಕ' ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರೂ ಓ ಅನ್ನುತ್ತಾರೆ. ಹುಲ್ಲು ಕೊಯ್ಯುವುದು, ಹಲಗೆ ದಾರಿಯ ಮೊಳೆ ಬಡಿಯುವುದು, ನೀರು ಏರಿದರೆ ತೂಬು ಎತ್ತುವುದು, ಬಂದವರ ಚೀಲ ಜಾಲಾಡುವುದು, ಎಲ್ಲ ಅವರದೇ. ಈ ಬಯಲಿನ ಹುಲ್ಲನ್ನು ಕೊಯ್ಯದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು ಜೌಗು ಒಣಗುತ್ತದೆ, ನೀರಿನ ಹಕ್ಕಿಗಳು ಜಾಗ ಬಿಡುತ್ತವೆ. ಯಂತ್ರ ಇಳಿಸಿದರೆ ಹೂತು ಹೋಗುತ್ತದೆ. ಒಂದು ಸಲ ಇಳಿಸಿಯೂ ನೋಡಿದ್ದಾರೆ. ಅದರ ತುಕ್ಕು ಹಿಡಿದ ಬೆನ್ನು ಇವತ್ತಿಗೂ ನೀರಿನ ಮೇಲೆ ಕಾಣುತ್ತದೆ, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತವೆ. ಹಾಗಾಗಿ ಕೈ ಕುಡುಗೋಲೇ ಗತಿ, ಹಿಡಿಯುವ ಕೈ ಇವರದು.

ಮೊದಲ ದಿನ ನಾನು ಗುಂಪಿನ ಜೊತೆ ಜೌಗಿನ ನಡುವಿನ ಸೇತುವೆಯ ಮೇಲೆ ನಿಂತೆ. ಗುಂಪಿನ ಹಿರಿಯರು ನಿವೃತ್ತ ಲೆಕ್ಕದ ಮೇಷ್ಟ್ರು, ಕೊರಳಲ್ಲಿ ಸದಾ ದುರ್ಬೀನು. ಅವರೂ ಅನುಮಾನದಲ್ಲಿ ಕಡಿಮೆಯವರಲ್ಲ. ಯಾರಾದರೂ ಹೊಸ ಹಕ್ಕಿ ಕಂಡೆ ಅಂದರೆ ಸಾಕು, ಕೊಕ್ಕು ಯಾವ ಬಣ್ಣ, ಕಾಲು ಹೇಗಿತ್ತು, ಬಿಸಿಲು ಯಾವ ಕಡೆಯಿಂದ ಇತ್ತು, ನೀವು ಕನ್ನಡಕ ಹಾಕಿದ್ದಿರಾ ಎಂದು ವಕೀಲರ ಹಾಗೆ ಪಾಟೀಸವಾಲು ಹಾಕುತ್ತಾರೆ. ಅರ್ಧ ಜನ ಅಲ್ಲೇ ಮಾತು ಹಿಂತೆಗೆದುಕೊಳ್ಳುತ್ತಾರೆ. ಅಂಥವರ ಕಣ್ಣು ತಪ್ಪಿಸಿ ಒಂದು ಹಕ್ಕಿ ಪಟ್ಟಿಗೆ ಸೇರುವುದು ಸುಲಭವಲ್ಲ.

ಮಂಜು ಕವಿದಿತ್ತು. ಪಶ್ಚಿಮದ ಜೊಂಡಿನ ಕಡೆಯಿಂದ ಒಂದು ಸದ್ದು ಬಂತು. ಖಾಲಿ ಕೊಡದ ಬಾಯಿಗೆ ಯಾರೋ ತುಟಿಯಿಟ್ಟು ಊದಿದ ಹಾಗೆ, ಗುಳುಂ ಗುಳುಂ ಎಂದು ಗುಟುಕರಿಸಿ ಆಮೇಲೆ ದೀರ್ಘವಾದ ಊಂಪ್. ಎಲ್ಲರೂ ಉಸಿರು ಬಿಗಿಹಿಡಿದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂದಿತ್ತು. ಇದು ಜೊಂಡಿನೊಳಗೇ ಬದುಕುವ ಹಕ್ಕಿ, ಹೆದರಿದರೆ ಕೊಕ್ಕನ್ನು ಆಕಾಶಕ್ಕೆ ಎತ್ತಿ ಒಣ ಹುಲ್ಲಿನ ಹಾಗೇ ನಿಂತುಬಿಡುತ್ತದೆ, ಎದುರಿಗಿದ್ದರೂ ಕಾಣುವುದಿಲ್ಲ ಎಂದು ಪಿಸುಮಾತಿನಲ್ಲಿ ವಿವರಿಸಿದರು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿಯವರೆಗೆ ನಮ್ಮ ಬೆನ್ನಿಗೇ ನಿಂತಿದ್ದ ಅನುಮಾನದಕ್ಕ ಅಲ್ಲಿರಲಿಲ್ಲ. ಅವರ ಜೊತೆ ಕ್ಯಾನೂ ಇರಲಿಲ್ಲ.

ಮಧ್ಯಾಹ್ನ ಅವರ ಮನೆಗೆ ಹೋದೆ. ಗೇಟಿನಿಂದ ಸ್ವಲ್ಪ ದೂರದಲ್ಲಿ ತಗಡಿನ ಮಾಡಿನ ಎರಡು ಕೋಣೆ. ಬಾಗಿಲಿಗೆ ಎರಡು ಬೀಗ, ಕಿಟಕಿಗೆ ಒಂದು. ಗಂಡ ಪಂಪು ರಿಪೇರಿಯವರು, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಮಾತಿಗೆ ಸಿಗುವವರು ಅತ್ತೆ. ಹಲ್ಲು ಹೋಗಿದೆ, ನಾಲಿಗೆ ಹರಿತವಾಗಿದೆ.

"ಇವಳು ನನ್ನ ಸೊಸೆಯಾಗಿ ಬಂದಾಗ ಇಷ್ಟು ಅನುಮಾನ ಇರಲಿಲ್ಲ ಕಣಪ್ಪ," ಎಂದು ಅತ್ತೆ ಶುರು ಮಾಡಿದರು. "ಈಗ ನೋಡು, ಗ್ಯಾಸು ಆರಿಸಿದ್ದೀನಿ ಅಂದ್ರೆ ಎದ್ದು ಬಂದು ಮುಟ್ಟಿ ನೋಡ್ತಾಳೆ. ಮಾತ್ರೆ ನುಂಗಿದೀನಿ ಅಂದ್ರೆ ಬಾಯಿ ತೆಗೀರಿ ಅಂತಾಳೆ."

ಸೊಸೆ ಒಳಗಿನಿಂದಲೇ, ಬಾಯಿ ತೆಗೆಸಿದಾಗ ಮಾತ್ರೆ ಕೆನ್ನೆಯಲ್ಲಿ ಸಿಕ್ಕಿತ್ತೋ ಇಲ್ಲವೋ ಅದನ್ನೂ ಹೇಳಿ ಎಂದರು. ಅತ್ತೆ ಮಾತು ಬದಲಿಸಿದರು. ಸೊಸೆಯ ಕಾಲಿನ ಕಥೆ ಹೇಳಿದರು. ದಿನವಿಡೀ ನೀರಲ್ಲಿ ನಿಂತು ಬೆರಳ ಸಂದು ಬಿರಿದು ಬೆಳ್ಳಗಾಗಿರುತ್ತದೆ, ಜಿಗಣೆ ಕಚ್ಚಿದ ಜಾಗಗಳು ಲೆಕ್ಕಕ್ಕೇ ಸಿಗುವುದಿಲ್ಲ, ಹುಲ್ಲಿನ ಅಂಚಿಗೆ ಕೈ ಸೀಳಿ ಹೋಗುತ್ತದೆ. ಸೇರಿದ ಹೊಸದರಲ್ಲಿ ಗಟ್ಟಿ ನೆಲ ಎಂದು ಹಸಿರು ನಂಬಿ ಕಾಲಿಟ್ಟು ಎದೆವರೆಗೆ ಹೂತು ಹೋಗಿದ್ದರಂತೆ. ಜೊತೆಯಲ್ಲಿದ್ದ ಹಳೆಯ ಕೊಯ್ಲುಗಾರ ಕುಡುಗೋಲಿನ ಹಿಡಿ ಚಾಚಿ ಎಳೆದದ್ದಕ್ಕೆ ಉಳಿದರು. ಅಂದಿನಿಂದ ಹಸಿರು ಕಂಡರೂ ಅನುಮಾನ, ಒಣಗಿದ್ದು ಕಂಡರೂ ಅನುಮಾನ.

"ಅದಕ್ಕಿಂತ ಜೋರು ಇನ್ನೊಂದಿದೆ," ಎಂದು ಅತ್ತೆ ನಗತೊಡಗಿದರು. "ಒಂದು ಮಳೆಗಾಲ ಪೂರ್ತಿ ಬಚ್ಚಲಲ್ಲಿ ಕೂತು ಕ್ಯಾನು ಊದ್ತಿದ್ಲು. ನಾನು ಯಾರದೋ ಹೋರಿ ಹಿತ್ತಲಿಗೆ ನುಗ್ಗಿದೆ ಅಂತ ದೊಣ್ಣೆ ತಗೊಂಡು..."

ಒಳಗೆ ಪಾತ್ರೆಯೊಂದು ಸ್ವಲ್ಪ ಜೋರಾಗಿಯೇ ಕೆಳಗಿಟ್ಟ ಸದ್ದಾಯಿತು. ಅತ್ತೆ ಬಾಯಿಗೆ ಬೀಗ ಹಾಕಿದಂತೆ ಸುಮ್ಮನಾದರು. ಅಂದು ನಾನು ಹೊರಡುವವರೆಗೂ ಅವರು ಆಡಿದ್ದು ಮಂಡಿನೋವಿನ ಮಾತು ಮಾತ್ರ. ನನಗೆ ಇನ್ನೇನು ಬೇಕು?

ಮರುದಿನ ಯಾರೂ ಬರುವ ಮೊದಲೇ ಬೇಲಿ ಸಂದಿಯಲ್ಲಿ ನುಸುಳಿ ಹಕ್ಕಿ ನೋಡುವ ಮರದ ಗೂಡು ಸೇರಿಕೊಂಡೆ. ಪೂರ್ವದ ಹುಲ್ಲುಗಾವಲಿನ ಅಂಚಿನಲ್ಲಿರುವ ಗೂಡು ಅದು, ಗೋಡೆಯಲ್ಲಿ ಇಣುಕಲು ಉದ್ದನೆಯ ಸೀಳು. ಮಂಜಿನೊಳಗಿನಿಂದ ಅನುಮಾನದಕ್ಕ ಬಂದರು. ತೊಡೆಮಟ್ಟ ನೀರಿನಲ್ಲಿ ನಿಂತು ಸುತ್ತ ನೋಡಿದರು. ಸೊಂಟದ ಕ್ಯಾನು ಬಿಚ್ಚಿ ಅದರ ಬಾಯಿಯನ್ನು ಕೆಳತುಟಿಗೆ ಆನಿಸಿ ಊದಿದರು. ಗುಳುಂ ಗುಳುಂ, ಊಂಪ್. ನನ್ನ ಮೈ ಜುಮ್ಮೆಂದಿತು. ಕಳ್ಳತನ ಕಣ್ಣಾರೆ ಹಿಡಿದ ಖುಷಿ ಅದು, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಪಶ್ಚಿಮದ ಜೊಂಡಿನಿಂದ ಅದೇ ಕೂಗು, ಇನ್ನೂ ಗಡುಸಾಗಿ, ಸಿಟ್ಟಿನಿಂದ ತಿರುಗಿ ಬಂತು. ನಾನು ಬೆಪ್ಪಾದೆ. ಕ್ಯಾನು ಇಲ್ಲಿದ್ದರೆ ಅಲ್ಲಿ ಊದಿದವರು ಯಾರು?

"ಗೂಡಲ್ಲಿರೋರು ಹೊರಗೆ ಬನ್ನಿ," ಎಂದು ಅಕ್ಕ ಇತ್ತ ತಿರುಗದೆಯೇ ಹೇಳಿದರು. "ಬಾಗಿಲಿನ ಜೇಡರ ಬಲೆ ಹರಿದಿದೆ. ನೆನ್ನೆ ಸಂಜೆ ನೆಟ್ಟಗಿತ್ತು."

ಹೊರಗೆ ಬಂದೆ. ಹಿಡಿಯಲು ಹೋದವನು ಸಿಕ್ಕಿಬಿದ್ದಿದ್ದೆ. ಆದರೂ ಬಿಡಲಿಲ್ಲ. ನಮ್ಮ ಮೊಬೈಲಿಗೆ ಬೀಗ, ನಿಮ್ಮ ಕ್ಯಾನಿಗೆ ಯಾವ ಬೀಗವೂ ಇಲ್ಲವೇ ಎಂದು ಕೇಳಿದೆ.

"ನೀವು ಅದನ್ನ ನೋಡಕ್ಕೆ ಕರೀತೀರ. ನಾನು ಅದರಿಂದ ದೂರ ಇರಕ್ಕೆ ಕರೀತೀನಿ," ಎಂದರು. ಆಮೇಲೆ ಹಲಗೆಯ ಅಂಚಿನಲ್ಲಿ ಕೂತು, ಕಾಲಿನಿಂದ ಜಿಗಣೆ ಕೀಳುತ್ತ, ನಡೆದದ್ದನ್ನು ಹೇಳಿದರು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಸಾಲಾಗಿ ಹುಲ್ಲು ಕೊಯ್ಯುತ್ತ ಹೋಗುತ್ತಿದ್ದರು. ಒಂದು ಕಡೆ ಹುಲ್ಲು ತುಸು ದಪ್ಪವಾಗಿ, ಕಂದಾಗಿ ನಿಂತಿತ್ತು. ಬೀಸಿದರು. ಕುಡುಗೋಲಿಗೆ ಹುಲ್ಲಲ್ಲದ್ದೇನೋ ಸಿಕ್ಕಿದ್ದು ಕೈಗೆ ಗೊತ್ತಾಯಿತು. ಬಗ್ಗಿ ನೋಡಿದರೆ ಹಕ್ಕಿ. ಅದರ ಕೆಳಗೆ ಮೊಟ್ಟೆ, ಮುಟ್ಟಿದರೆ ಇನ್ನೂ ಬಿಸಿ.

"ಹಾರಿ ಹೋಗಬಹುದಿತ್ತು. ಹೋಗಲಿಲ್ಲ. ನಾನು ಹುಲ್ಲು ಅನ್ಕೊಳ್ಳಲಿ ಅಂತ ನಿಂತಿತ್ತು, ನಾನೂ ಹುಲ್ಲು ಅಂತಲೇ ಅನ್ಕೊಂಡೆ."

ಆಮೇಲೆ ಎಷ್ಟೋ ದಿನ ಅವರ ಕುಡುಗೋಲು ಏಳಲಿಲ್ಲ. ಒಂದು ದಿನ ಮನೆಯಲ್ಲಿ ಎಣ್ಣೆ ಕ್ಯಾನು ತೊಳೆದು, ಒಣಗಿತೇ ಎಂದು ಊದಿ ನೋಡುವಾಗ ಜೌಗಿನ ಆ ಕೂಗೇ ಬಂದಂತಾಯಿತು. ಬಚ್ಚಲಿನಲ್ಲಿ ಅಭ್ಯಾಸ ಮಾಡಿ ಜೌಗಿಗೆ ಹೋಗಿ ಊದಿದರು. ಹಕ್ಕಿ ಓ ಎಂದಿತು. ತನ್ನ ಜಾಗಕ್ಕೆ ಇನ್ಯಾವುದೋ ಹಕ್ಕಿ ನುಗ್ಗಿದೆ ಎಂದು ಅದಕ್ಕೆ ಅನುಮಾನ, ಅದಕ್ಕೇ ಗದರುತ್ತದೆ ಎಂಬುದು ಅಕ್ಕನ ಲೆಕ್ಕಾಚಾರ. ಅದೂ ನನ್ನ ಜಾತಿಯದೇ ಎಂದು ನಕ್ಕರು. ಅಂದಿನಿಂದ ಕೊಯ್ಯುವ ಮೊದಲು ಊದುತ್ತಾರೆ. ಎಲ್ಲಿಂದ ಮರುಕೂಗು ಬರುತ್ತದೋ ಅಲ್ಲಿ ಕೆಂಪು ಚಿಂದಿ ಕಟ್ಟಿದ ಕೋಲು ನೆಟ್ಟು, ಸುತ್ತಲಿನ ಹುಲ್ಲು ಬಿಡುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಮುದ್ದಾದ ಕಥೆ. ಆದರೆ ಅಕ್ಕನ ಮುಖ ಮುದ್ದಾದ ಕಥೆ ಹೇಳುವವರ ಮುಖದಂತಿರಲಿಲ್ಲ. ಕೆದಕಿದೆ. ಬಾಯಿ ಬಿಟ್ಟರು.

ಈ ಹಕ್ಕಿಯ ಕೂಗು ಕೇಳಲು ಬರುವವರು ಹೆಚ್ಚಾಗಿ, ಅವರ ಕಾರುಗಳಿಗೆ ಜಾಗ ಸಾಲದೆ, ಪೂರ್ವದ ಹುಲ್ಲುಗಾವಲಿಗೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಜೌಗನ್ನು ನೋಡಿಕೊಳ್ಳುವ ಕಚೇರಿ ಹೋದ ವರ್ಷ ಗೂಟ ಹೊಡೆದಿತ್ತು. ಅದೇ ವಾರ ಮೇಷ್ಟ್ರ ಗುಂಪು ಸೇತುವೆಯ ಮೇಲೆ ನಿಂತಿತ್ತು. ಅನುಮಾನದಕ್ಕ ಎಂದಿನಂತೆ ಕೊಯ್ಯುವ ಮೊದಲು ಪೂರ್ವದಲ್ಲಿ ನಿಂತು ಊದಿದರು, ಪಶ್ಚಿಮದ ಹಕ್ಕಿ ಉತ್ತರ ಕೊಟ್ಟಿತು. ಮಂಜಿನಲ್ಲಿ ಎರಡೂ ಕಡೆಯ ಕೂಗು ಕೇಳಿದ ಮೇಷ್ಟ್ರು ಎರಡು ಹಕ್ಕಿ ಎಂದು ಬರೆದು ಕಚೇರಿಗೆ ಕೊಟ್ಟರು. ಎಲ್ಲರ ಕೊಕ್ಕು ಕಾಲು ವಿಚಾರಿಸುವ ಮೇಷ್ಟ್ರಿಗೆ ಈ ಹಕ್ಕಿಯ ಬಾಯಿ ಪ್ಲಾಸ್ಟಿಕ್ಕಿನದು ಎಂದು ಅನುಮಾನ ಬರಲೇ ಇಲ್ಲ. ಹಕ್ಕಿ ಇದ್ದ ಜಾಗಕ್ಕೆ ಮಣ್ಣು ಹಾಕುವ ಹಾಗಿಲ್ಲ. ಕಚೇರಿಯವರು ಗೂಟ ಕಿತ್ತರು.

"ಮೂಡಲ ಕಡೆ ಕೂಗಿದ್ದು ನಾನೇ ಅಂತ ಹೇಳಬೇಕು ಅಂತ ಗೇಟಿನವರೆಗೂ ಬಂದೆ," ಎಂದರು ಅಕ್ಕ. "ಮೇಷ್ಟ್ರು ಮಕ್ಕಳ ಹಾಗೆ ಕುಣೀತಾ ಇದ್ರು. ಗೂಟ ಬೇರೆ ಕೀಳ್ತಾ ಇದ್ರು. ಮಾತು ನುಂಗಿಕೊಂಡೆ."

ಈಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಹೇಳಿದರೆ ಹುಲ್ಲುಗಾವಲು ಹೋಗುತ್ತದೆ. ಪಶ್ಚಿಮದ ನಿಜವಾದ ಹಕ್ಕಿಯನ್ನೂ ಜನ ನಂಬುವುದಿಲ್ಲ, ಎಲ್ಲ ಕ್ಯಾನೇ ಎನ್ನುತ್ತಾರೆ. ಹೇಳದಿದ್ದರೆ ಮೊಬೈಲಿಗೆ ಬೀಗ ಹಾಕುವ ಕೈಯೇ ಮೋಸ ಮಾಡಿದಂತಾಗುತ್ತದೆ. ನಾನಾದರೋ ಬರೆಯಲೆಂದೇ ಬಂದವನು. ಬರೆಯಬೇಡಿ ಎಂದು ಅವರು ಕೇಳಲಿಲ್ಲ. ಪತ್ರಿಕೆಯಲ್ಲಿ ಓದಿ ಮೇಷ್ಟ್ರಿಗೆ ಗೊತ್ತಾಗುವುದು ಬೇಡ, ಮೊದಲು ನಾನೇ ಹೇಳುತ್ತೇನೆ, ಭಾನುವಾರದವರೆಗೆ ತಡೆಯಿರಿ ಎಂದರು. ಭಾನುವಾರ ನಾಪತ್ತೆಯಾಗುವ ಉಪಾಯವಿರಬಹುದೇ ಎಂದು ಒಂದು ಗಳಿಗೆ ನನಗನ್ನಿಸಿತು. ಕಸುಬು ಅಂಥದ್ದು.

ಭಾನುವಾರ ಕಾವಲು ಕೋಣೆಯಲ್ಲಿ ಮೂವರೇ ಕೂತಿದ್ದೇವೆ. ಫ್ಲಾಸ್ಕಿನ ಚಹಾ ಆರುತ್ತಿದೆ. ಅಕ್ಕ ಸುತ್ತಿ ಬಳಸಿ ಹೇಳುವುದಿಲ್ಲ, ಕಡ್ಡಿ ಮುರಿದ ಹಾಗೆ ಹೇಳಿ ಮುಗಿಸುತ್ತಾರೆ. ಮೇಷ್ಟ್ರು ನಂಬುವುದಿಲ್ಲ. ಊದಿ ಎನ್ನುತ್ತಾರೆ. ಅಕ್ಕ ಊದುತ್ತಾರೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಕನ್ನಡಕ ತೆಗೆದು, ಬಹಳ ಹೊತ್ತು ಅದನ್ನು ಒರೆಸುತ್ತಾರೆ.

"ಇದೇ. ಮೂಡಲ ಹಕ್ಕಿ ಇದೇ," ಎನ್ನುತ್ತಾರೆ. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ ಅಮ್ಮ."

ಅಕ್ಕ ತಲೆ ತಗ್ಗಿಸುತ್ತಾರೆ. ಯಾಕೆ ಊದುತ್ತೀರಿ ಎಂದು ಮೇಷ್ಟ್ರು ಕೇಳಿದಾಗ ಕುಡುಗೋಲಿನ ಕಥೆ, ಬಿಸಿ ಮೊಟ್ಟೆಯ ಕಥೆ, ಕೆಂಪು ಚಿಂದಿಯ ಕಥೆ ಎಲ್ಲ ಹೊರಗೆ ಬರುತ್ತದೆ. ಕೇಳುತ್ತ ಕೇಳುತ್ತ ಮೇಷ್ಟ್ರ ಸಿಟ್ಟು ಇಳಿದು ಮುಖ ಬೇರೆಯೇ ಆಗುತ್ತದೆ. ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಾರೆ. ಅಕ್ಕ ಅದನ್ನು ಗಮನಿಸದೆ ಬಿಡುತ್ತಾರೆಯೇ? ಏನಿದ್ದರೂ ಹೇಳಿಬಿಡಿ ಎಂದು ಒತ್ತಾಯಿಸುತ್ತಾರೆ.

"ಅಮ್ಮ, ಕೂಗೋದು ಗಂಡು ಹಕ್ಕಿ ಮಾತ್ರ," ಎನ್ನುತ್ತಾರೆ ಮೇಷ್ಟ್ರು, ಆದಷ್ಟು ಮೆತ್ತಗೆ. "ಮೊಟ್ಟೆ ಮೇಲೆ ಕೂರೋದು ಹೆಣ್ಣು. ಅದು ಕೂಗಲ್ಲ. ಗಂಡು ಕೂಗೋ ಕಡೆಯೇ ಗೂಡು ಇರುತ್ತೆ ಅಂತಾನೂ ಇಲ್ಲ."

ಅಕ್ಕ ಮಡಿಲಲ್ಲಿದ್ದ ಕ್ಯಾನನ್ನು ಮೆಲ್ಲಗೆ ನೆಲಕ್ಕಿಡುತ್ತಾರೆ. ಹಲಗೆ, ಹಸಿರು, ಮಾತ್ರೆ, ಮೊಬೈಲು ಎಲ್ಲವನ್ನೂ ಅನುಮಾನಿಸಿದವರು ಈ ಕ್ಯಾನೊಂದನ್ನು ಮಾತ್ರ ಪೂರ್ತಿ ನಂಬಿದ್ದರು. ನನಗೆ ಅವರ ಮುಖ ನೋಡಲಾಗುವುದಿಲ್ಲ.

"ಹಾಗಾದ್ರೆ ಅವತ್ತು ನಾನು ಕರೆದಿದ್ರೂ ಅವಳು ಓ ಅಂತಿರಲಿಲ್ಲ," ಎನ್ನುತ್ತಾರೆ.

ಅಲ್ಲಿಯವರೆಗೆ 'ಅದು' ಆಗಿದ್ದ ಹಕ್ಕಿ ಅಂದಿನಿಂದ ಅವರ ಬಾಯಲ್ಲಿ 'ಅವಳು' ಆಗಿದೆ.

ಮೇಷ್ಟ್ರು ಅಂದೇ ಕಚೇರಿಗೆ ಹೋಗಿ, ಪೂರ್ವದ ಹಕ್ಕಿ ತಮ್ಮ ತಪ್ಪು, ಅದನ್ನು ಪಟ್ಟಿಯಿಂದ ತೆಗೆದುಹಾಕಿ ಎಂದು ಹೇಳಿ ಬಂದರು. ಗುಂಪಿನಲ್ಲಿ ಮುಸಿಮುಸಿ ನಗುವವರು ನಕ್ಕರು. ಹೆಣ್ಣು ಹಕ್ಕಿ ಪೂರ್ವದಲ್ಲೂ ಗೂಡು ಕಟ್ಟಿರಬಹುದು, ಮರಿಗಳು ಹೊರಬರುವವರೆಗೆ ಕಾಯಿರಿ ಎಂದೂ ಮೇಷ್ಟ್ರು ಕೇಳಿಕೊಂಡಿದ್ದಾರೆ. ಕಂಡಿಲ್ಲ, ಕೂಗಿಲ್ಲ, ಇಲ್ಲದಿರುವ ಹಕ್ಕಿಯನ್ನು ಯಾವ ಲೆಕ್ಕಕ್ಕೆ ಹಿಡಿಯೋಣ ಎಂದು ಕಚೇರಿ ಕೇಳಿದೆ. ಗೂಟಗಳು ಮರಳಿ ಬಂದಿವೆ. ಅಳತೆಯವರು ಬರುವ ಮೊದಲು ಪೂರ್ವದ ಹುಲ್ಲನ್ನೆಲ್ಲ ಕೊಯ್ದು ಬಯಲು ಮಾಡಬೇಕು ಎಂದು ಅನುಮಾನದಕ್ಕನಿಗೇ ಹೇಳಿಕಳಿಸಿದ್ದಾರೆ. ಕೊಯ್ಯದಿದ್ದರೆ ಕೆಲಸ ಬೇರೆಯವರಿಗೆ ಎಂಬ ಮಾತೂ ಜೊತೆಯಲ್ಲೇ ಬಂದಿದೆ.

ಇದು ಇಲ್ಲಿ ನನ್ನ ಕೊನೆಯ ಬೆಳಗು. ಅಕ್ಕ ಹಲಗೆಗಳನ್ನು ಕುಟ್ಟುತ್ತ ಪೂರ್ವದ ಅಂಚಿಗೆ ಬರುತ್ತಾರೆ. ಸೊಂಟದಲ್ಲಿ ಕ್ಯಾನಿಲ್ಲ. ಗಾಳಿಗೆ ಹುಲ್ಲು ಒಂದೇ ಸಮನೆ ಬಾಗಿ ಏಳುತ್ತದೆ. ಇಲ್ಲಿ ಹೆಣ್ಣು ಹಕ್ಕಿ ಇದೆಯೇ ಎಂದು ಕೇಳುತ್ತೇನೆ. ಇರಬಹುದು, ಇಲ್ಲದೆಯೂ ಇರಬಹುದು ಎನ್ನುತ್ತಾರೆ. ಇಲ್ಲದ ಹಕ್ಕಿಗಾಗಿ ಇರುವ ಕೆಲಸ ಕಳೆದುಕೊಳ್ಳುತ್ತೀರಾ ಎಂದು ಕೇಳುತ್ತೇನೆ. ಅತ್ತೆಯ ಬಳಿ ಮಾತಾಡಿ ಆಗಿದೆಯಂತೆ. ಮನೆಗೆ ಬಂದು ಕೂತು ಹೊತ್ತು ಹೊತ್ತಿಗೂ ನನ್ನ ಬಾಯಿ ತೆಗೆಸುತ್ತಾಳಲ್ಲ ಎಂಬುದೊಂದೇ ಅತ್ತೆಯ ಚಿಂತೆ.

ಅಕ್ಕ ಕುಡುಗೋಲನ್ನು ಹೆಗಲಿನಿಂದ ಇಳಿಸುತ್ತಾರೆ. ಈಗ ಬೀಸುತ್ತಾರೆ ಎಂದುಕೊಳ್ಳುತ್ತೇನೆ. ಅಲಗಿಗೆ ಗೋಣಿ ಸುತ್ತಿ, ಹಗ್ಗ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಗೂಟದ ಪಕ್ಕ ಮಲಗಿಸುತ್ತಾರೆ. ಮರಿಗಳು ಎದ್ದು ಓಡಾಡುವ ಕಾಲ ಕಳೆಯುವವರೆಗೆ ಇದು ಹೀಗೇ ಇರುತ್ತದಂತೆ. ಕಚೇರಿಯವರು ಬಂದರೆ ಕೊಯ್ಯುವುದಿಲ್ಲ ಎಂದು ಇಲ್ಲೇ ನಿಂತು ಹೇಳುತ್ತಾರಂತೆ.

ಗೇಟಿನಲ್ಲಿ ನನ್ನ ಚೀಲವನ್ನು ಮತ್ತೆ ಜಾಲಾಡುತ್ತಾರೆ. ಇಷ್ಟೆಲ್ಲ ಆದ ಮೇಲೂ ನಂಬಿಕೆ ಬಂದಿಲ್ಲವೇ ಎಂದರೆ, ಹೋಗುವಾಗ ಮೊಟ್ಟೆ ಒಯ್ಯುವವರೂ ಇದ್ದಾರೆ ಎನ್ನುತ್ತಾರೆ. ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚಿ ನೋಡಿಯೇ ವಾಪಸು ಕೊಡುತ್ತಾರೆ. ಅವಳನ್ನು ಒಂದು ಸಲವಾದರೂ ನೋಡಬೇಕೆಂದು ಆಸೆ ಇಲ್ಲವೇ ಎಂದು ಕೇಳುತ್ತೇನೆ. ಡ್ರಾಯರಿನ ಬೀಗ ತೆಗೆದು ನನ್ನ ಮೊಬೈಲು ಕೈಗಿಡುತ್ತ ಹುಲ್ಲಿನ ಕಡೆ ನೋಡುತ್ತಾರೆ.

"ಅವಳು ನನ್ನ ಕಣ್ಣಿಗೆ ಬೀಳಬೇಕು ಅಂತಿಲ್ಲ," ಎನ್ನುತ್ತಾರೆ. "ಕುಡುಗೋಲಿಗೆ ಬೀಳದಿದ್ರೆ ಸಾಕು."